ಪಾಲಕರ ಸಭೆಯಲ್ಲಿ ಇಂಗ್ಲಿಷ್ ಟೀಚರ್ ಯಾವ ಭಾಷೆಯಲ್ಲಿ ಮಾತಾಡಬೇಕು?

ಶಾಲೆಗಳು ಮತ್ತೆ ಶುರುವಾಗಿವೆ. ಈ ಸಲದ ಮೂರೂ ಪ್ರಶ್ನೆಗಳು ಇಂಗ್ಲಿಷ್ ಪಾಠ ಮತ್ತು ಪಾಲಕರ ಬಗ್ಗೆ. ಉತ್ತರಿಸಿದವರು ವಿಜಯಪುರ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸಿದ ಅನುಭವಿ ಶಿಕ್ಷಕರು.

ಪ್ರಶ್ನೆ: ನಾನು ಇಂಡಿ ತಾಲ್ಲೂಕಿನ ಸರಕಾರಿ ಪ್ರೌಢಶಾಲೆಗೆ ಹೊಸದಾಗಿ ಬಂದ ಇಂಗ್ಲಿಷ್ ಶಿಕ್ಷಕಿ. ಎಂಟನೇ ತರಗತಿಗೆ ಸೇರಿದ ಮಕ್ಕಳ ಪಾಲಕರನ್ನು ಸ್ವಾಗತಿಸಿ ಮಾತಾಡಿ ಎಂದು ಮುಖ್ಯ ಗುರುಗಳು ಹೇಳಿದ್ದಾರೆ. ಇಂಗ್ಲಿಷ್ ಟೀಚರ್ ಕನ್ನಡದಲ್ಲಿ ಮಾತಾಡಿದರೆ ಜನ ಏನಂದುಕೊಳ್ಳುತ್ತಾರೋ ಎಂಬ ಅಳುಕು. ಜೊತೆಗೆ, ಸಭೆಗೆ ಅರ್ಧ ಜನವೂ ಬರುವುದಿಲ್ಲ ಎಂದು ಹಳೆಯ ಶಿಕ್ಷಕರು ಹೇಳುತ್ತಾರೆ.

ಉತ್ತರ: ಕನ್ನಡದಲ್ಲೇ ಮಾತಾಡಿ. ನಿಮಗೆ ಇಂಗ್ಲಿಷ್ ಬರುತ್ತದೆ ಎಂದು ನಂಬಿಯೇ ಅವರು ಮಕ್ಕಳನ್ನು ಕಳಿಸಿದ್ದಾರೆ. ಆ ದಿನ ಅದನ್ನು ತೋರಿಸಬೇಕಾಗಿಲ್ಲ. ನೀವು ಎರಡು ನಿಮಿಷ ಇಂಗ್ಲಿಷ್‌ನಲ್ಲಿ ಮಾತಾಡಿದಿರಿ ಅಂತಿಟ್ಟುಕೊಳ್ಳಿ. ಹಿಂದೆ ಕುಳಿತ ತಾಯಿ ಸೆರಗು ಸರಿ ಮಾಡಿಕೊಂಡು ಸುಮ್ನಾಗುತ್ತಾರೆ. ‘ಇದು ನಮಗ ತಿಳಿಯೂದಲ್ಲ’ ಎಂದು ಅಲ್ಲೇ ತೀರ್ಮಾನಿಸಿಬಿಡುತ್ತಾರೆ. ಆಮೇಲೆ ಮಾರ್ಚ್‌ವರೆಗೆ ಅವರು ಶಾಲೆಯ ಕಡೆ ತಲೆ ಹಾಕುವುದಿಲ್ಲ. ಸ್ವಾಗತಕ್ಕೆ ‘ಬರ್ರಿ, ಕುಂದರ್ರಿ’ ಸಾಕು.

ಜನ ಬರುವುದಿಲ್ಲ ಎನ್ನುವುದನ್ನು ಪೂರ್ತಿ ಒಪ್ಪಬೇಡಿ. ದಿನ ಯಾವುದು ಎಂದು ಮೊದಲು ನೋಡಿ. ಜೂನ್‌ನಲ್ಲಿ ಒಂದು ಹದ ಮಳೆ ಬಿದ್ದರೆ ಹೆಸರು, ತೊಗರಿ ಬಿತ್ತನೆಗೆ ಮನೆಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಕಾರ ಹುಣ್ಣಿಮೆಯೂ ಸಾಮಾನ್ಯವಾಗಿ ಅದೇ ತಿಂಗಳಲ್ಲಿ. ಊರಿನ ಸಂತೆಯ ದಿನ ಸಭೆ ಇಟ್ಟರೆ ಒಬ್ಬರೂ ಸಿಗುವುದಿಲ್ಲ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನು ಕೇಳಿದರೆ ಐದು ನಿಮಿಷದಲ್ಲಿ ಸರಿಯಾದ ದಿನ ಹೇಳುತ್ತಾರೆ. ಇನ್ನೊಂದು ಮಾತು. ‘ತಂದೆ–ತಾಯಿ ತಪ್ಪದೇ ಬರಬೇಕು’ ಎಂದು ಚೀಟಿ ಬರೆಯಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಎಷ್ಟೋ ಮನೆಗಳ ತಂದೆ–ತಾಯಿ ದುಡಿಯಲು ಪುಣೆಗೋ ಗೋವಾಕ್ಕೋ ಹೋಗಿರುತ್ತಾರೆ. ಮಗು ಅಜ್ಜಿಯ ಹತ್ತಿರ ಇರುತ್ತದೆ. ‘ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಬನ್ನಿ’ ಎಂದು ಬರೆಯಿರಿ. ಅಜ್ಜಿ ಬರುತ್ತಾಳೆ, ನೋಡಿ.

ಏನು ಹೇಳಬೇಕು? ಇಂಗ್ಲಿಷ್ ಬಂದರೆ ನೌಕರಿ, ಬೆಂಗಳೂರು, ವಿದೇಶ ಎಂಬ ಭಾಷಣ ಬೇಡ. ಅದನ್ನು ಅವರು ಆಗಲೇ ಸಾಕಷ್ಟು ಕೇಳಿದ್ದಾರೆ. ಮುಂದಿನ ತಿಂಗಳು ತರಗತಿಯಲ್ಲಿ ಏನು ನಡೆಯುತ್ತದೆ ಎಂದು ಹೇಳಿ. ಮೊದಲ ಕೆಲವು ದಿನ ಸೇತುಬಂಧ ಇರುತ್ತದಲ್ವಾ, ಅದನ್ನು ಬಿಡಿಸಿ ಹೇಳುವುದು ಮುಖ್ಯ. ಹಿಂದಿನ ತರಗತಿಗಳಲ್ಲಿ ಏನು ಕಲಿತಿದ್ದಾರೆ, ಎಲ್ಲಿ ಬಿಟ್ಟುಹೋಗಿದೆ ಎಂದು ಸಣ್ಣ ಪರೀಕ್ಷೆ ಮಾಡಿ, ಆ ಕೊರತೆ ತುಂಬಿ, ಮತ್ತೆ ಪರೀಕ್ಷಿಸುವ ಕಾರ್ಯಕ್ರಮ ಅದು. ಆ ದಿನಗಳಲ್ಲಿ ಹೊಸ ಪುಸ್ತಕದ ಪಾಠ ಶುರುವಾಗಿರುವುದಿಲ್ಲ. ಇದು ಗೊತ್ತಿಲ್ಲದ ಪಾಲಕರು ‘ಟೀಚರ್ ಇನ್ನೂ ಒಂದು ಪಾಠನೂ ಮಾಡಿಲ್ಲ’ ಎಂದು ಊರಲ್ಲಿ ಮಾತಾಡುತ್ತಾರೆ. ನೀವು ಹೊಸಬರು, ಆ ಮಾತು ಬೇಗ ಅಂಟಿಕೊಳ್ಳುತ್ತದೆ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಹಾಗಾಗಿ ನಿಮ್ಮ ಮಕ್ಕಳು ಏಳು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದು ಬಂದವರು. ಆದರೂ ಕೆಲವರು ಒಂದು ಸಾಲು ಓದಲು ತಡವರಿಸುತ್ತಾರೆ. ಪಾಲಕರ ಮುಂದೆ ಇದನ್ನು ಮುಚ್ಚಿಡಬೇಡಿ. ಹೆಸರು ಹಿಡಿದೂ ಹೇಳಬೇಡಿ. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ದೂರುವುದಂತೂ ಬೇಡವೇ ಬೇಡ. ಅವರೂ ಅದೇ ಊರಿನಲ್ಲಿ ಓಡಾಡುವವರು.

ಕೊನೆಗೆ ನಿಮ್ಮನ್ನು ಯಾವಾಗ ಕಾಣಬಹುದು ಎಂದು ತಿಳಿಸಿ. ‘ಯಾವಾಗ ಬೇಕಾದರೂ ಬನ್ನಿ’ ಅಂದರೆ ಯಾರೂ ಬರುವುದಿಲ್ಲ. ‘ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಇಲ್ಲೇ ಇರ್ತೀನಿ’ ಅಂದರೆ ಇಬ್ಬರಾದರೂ ಬರುತ್ತಾರೆ. ಬಾರದವರಿಗೆ ಅದೇ ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಿ. ಎರಡು ನಿಮಿಷ ಮೀರದಿರಲಿ. ಓದು ಬಾರದವರಿಗೂ ಅದು ತಲುಪುತ್ತದೆ.

ಪ್ರಶ್ನೆ: ನಾವು ಜಮಖಂಡಿ ಹತ್ತಿರದವರು. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ತರಗತಿ. ಇಂಗ್ಲಿಷ್ ಸರ್ ಪಾಲಕರ ಸಭೆಗೆ ಕರೆದಿದ್ದಾರೆ. ನಾನು ಓದಿದ್ದು ನಾಲ್ಕನೇ ತರಗತಿ, ಹೆಂಡತಿ ಶಾಲೆಗೇ ಹೋದವಳಲ್ಲ. ಇಂಗ್ಲಿಷ್ ಬಾರದ ನಾವು ಹೋಗಿ ಏನು ಮಾಡುವುದು? ಟ್ಯೂಷನ್ ಹಚ್ಚಿದರೆ ಸಾಕಲ್ಲವೇ?

ಉತ್ತರ: ಇಬ್ಬರೂ ಹೋಗಿ. ಒಬ್ಬರಿಗೇ ಬಿಡುವಿದ್ದರೆ ತಾಯಿ ಹೋಗಲಿ, ಏಕೆಂದರೆ ಸಂಜೆ ಮಗಳ ಹತ್ತಿರ ಕೂರುವವರು ಅವರೇ ಇರಬೇಕು.

ಇಂಗ್ಲಿಷ್ ಬಾರದವರೂ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ರಾತ್ರಿ ಊಟಕ್ಕೆ ಮುಂಚೆ ಮಗಳಿಗೆ ಪಾಠದ ನಾಲ್ಕೈದು ಸಾಲು ಜೋರಾಗಿ ಓದಲು ಹೇಳಿ. ಆಮೇಲೆ ಪುಸ್ತಕ ಮುಚ್ಚಿಸಿ. ‘ಏನು ಬರೆದಾರ, ನನಗ ಕನ್ನಡದಾಗ ಹೇಳವ್ವ’ ಎಂದು ಕೇಳಿ. ಹೇಳಿದಳೋ, ಅರ್ಥವಾಗಿದೆ. ಗಡಗಡ ಓದಿ ಕನ್ನಡದಲ್ಲಿ ಹೇಳಲು ಬಾರದಿದ್ದರೆ ಸುಮ್ನೆ ಬಾಯಿಪಾಠ ಮಾಡಿದ್ದಾಳೆ. ಓದುವಾಗ ಎಲ್ಲಿ ನಿಲ್ಲುತ್ತಾಳೆ, ಯಾವ ಪದವನ್ನು ನುಂಗುತ್ತಾಳೆ ಎಂಬುದು ಶಾಲೆಗೆ ಹೋಗದ ತಾಯಿಯ ಕಿವಿಗೂ ಗೊತ್ತಾಗುತ್ತದೆ. ಅಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಸಿ, ಮರುದಿನ ಸರ್‌ಗೆ ತೋರಿಸಲು ಹೇಳಿ. ಸುಮಾರು ಹದಿನೈದು ನಿಮಿಷದ ಕೆಲಸ. ನಾನು ಕಲಿಸುವಾಗ ಮನೆಯಿಂದ ಕೇಳುತ್ತಿದ್ದದ್ದು ಇಷ್ಟೇ. ಬೈಯುವುದು ಬೇಡ. ತಪ್ಪಾದಾಗ ನಗುವುದೂ ಬೇಡ. ಅಣ್ಣಂದಿರು ನಕ್ಕರೆ ಹುಡುಗಿಯರು ಜೋರಾಗಿ ಓದುವುದನ್ನೇ ಬಿಟ್ಟುಬಿಡುತ್ತಾರೆ.

ಟ್ಯೂಷನ್ ಎಂಟನೇ ತರಗತಿಗೇ ಬೇಕು ಎಂದು ನನಗನ್ನಿಸುವುದಿಲ್ಲ. ಹಚ್ಚಲೇಬೇಕು ಅಂದರೆ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ. ಮಕ್ಕಳು ಗೈಡ್ ನೋಡಿ ಉತ್ತರ ನಕಲು ಮಾಡುತ್ತಿದ್ದರೆ ಆ ದುಡ್ಡು ದಂಡ.

ಅಂಕಗಳ ಬಗ್ಗೆಯೂ ತಿಳಿದಿರಲಿ. ಹತ್ತನೇ ತರಗತಿಯಲ್ಲಿ ಮೊದಲ ಭಾಷೆ ಕನ್ನಡಕ್ಕೆ 125 ಅಂಕ, ದ್ವಿತೀಯ ಭಾಷೆ ಇಂಗ್ಲಿಷ್‌ಗೆ 100. ಅದರಲ್ಲಿ 80 ಬರವಣಿಗೆಯ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಆ 20ಕ್ಕೆ ವರ್ಷವಿಡೀ ಮಾಡಿದ ಕೆಲಸ ಲೆಕ್ಕಕ್ಕೆ ಬರುತ್ತದೆ. ಪರೀಕ್ಷೆಗೆ ಕೂರಲು ಶೇ 75 ಹಾಜರಿಯೂ ಬೇಕು. ನಿಮ್ಮ ಕಡೆ ಕಬ್ಬಿನ ಕಟಾವು ಶುರುವಾದಾಗ ತಮ್ಮ–ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಗಳನ್ನೇ ಮನೆಯಲ್ಲಿ ನಿಲ್ಲಿಸುತ್ತಾರೆ. ನಾಗರ ಪಂಚಮಿಗೆ ಅಜ್ಜಿ ಮನೆಗೆ ಹೋದವರು ವಾರ ಬಿಟ್ಟು ಬರುತ್ತಾರೆ. ಪಂಚಮಿಗೆ ಹೋಗಲಿ, ಜೋಕಾಲಿ ಆಡಲಿ. ಎರಡು ದಿನದಲ್ಲಿ ತಿರುಗಿ ಬರಲಿ. ಕಬ್ಬಿನ ದಿನಗಳಿಗೆ ಮಾತ್ರ ಈಗಲೇ ಬೇರೆ ವ್ಯವಸ್ಥೆ ಯೋಚಿಸಿ, ಸಭೆಯಲ್ಲೇ ಸರ್ ಹತ್ತಿರ ಮಾತಾಡಿ.

ಪ್ರಶ್ನೆ: ನಾವು ಬೆಳಗಾವಿ ನಗರದವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಮಗ ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೇ ತರಗತಿ. ಮನೆಯಲ್ಲೂ ಇಂಗ್ಲಿಷ್ ಮಾತಾಡಿ ಎಂದು ಶಾಲೆಯ ಸಭೆಯಲ್ಲಿ ಹೇಳಿದರು. ನಮ್ಮದು ಹರಕು ಮುರುಕು ಇಂಗ್ಲಿಷ್. ಮಾತಾಡಬೇಕೇ?

ಉತ್ತರ: ಬೇಡ. ಹರಕು ಇಂಗ್ಲಿಷ್‌ನಲ್ಲಿ ‘ಈಟ್, ಸ್ಲೀಪ್, ಸ್ಟಡಿ’ ಬಿಟ್ಟು ಬೇರೆ ಮಾತು ಹೊರಡುವುದಿಲ್ಲ. ಹದಿನಾಲ್ಕರ ಹುಡುಗನ ಜೊತೆ ಆಡಬೇಕಾದ ಮಾತು ಅದಕ್ಕಿಂತ ಜಾಸ್ತಿ ಇರುತ್ತದೆ. ಅದನ್ನು ಕನ್ನಡದಲ್ಲೇ ಆಡಿ. ಎರಡು ಭಾಷೆ ಕೇಳಿ ಬೆಳೆದ ಹುಡುಗನಿಗೆ ಮೂರನೆಯದರಿಂದ ತಲೆ ಕೆಡುವುದಿಲ್ಲ. ಇಂಗ್ಲಿಷ್‌ಗೆ ಓದು ಬೇಕು: ಕ್ರಿಕೆಟ್ ಸುದ್ದಿಯೋ, ಕಥೆ ಪುಸ್ತಕವೋ, ಅವನಿಗೆ ಇಷ್ಟವಾದದ್ದು. ಮುಂದಿನ ಸಭೆಗೆ ಹೋದಾಗ ಶಾಲೆಯ ಗ್ರಂಥಾಲಯದಿಂದ ಪುಸ್ತಕ ಮನೆಗೆ ಕೊಡುತ್ತಾರಾ ಎಂದು ಕೇಳಿ. ಕೊಡುವುದಿಲ್ಲ ಎಂದರೆ ಯಾಕೆ ಎಂದೂ ಕೇಳಿ.