ಪ್ರತಿಕ್ರಿಯೆ: ತೋಟದಂಚಲ್ಲಿ ಮಂಗ ಸತ್ತಿದೆ, ಹೂಳಬಹುದೇ?

ತೋಟದಂಚಲ್ಲಿ ಮಂಗ ಸತ್ತುಬಿದ್ದಿದೆ, ತಮ್ಮ ಹತ್ತಿರ ಹೋಗಿ ನೋಡಿದ್ದಾನೆ, ಹೂಳಬಹುದೇ ಎಂದು ಕೇಳಿದ್ದೀರಿ. ಜನವರಿಯಲ್ಲಿ, ಅದೂ ಶಿವಮೊಗ್ಗ ಜಿಲ್ಲೆಯ ಸೊರಬದ ಕಾಡಂಚಿನಲ್ಲಿ ಮಂಗ ಸತ್ತಿದೆ ಅಂದರೆ ಮೊದಲು ಅನುಮಾನಿಸಬೇಕಾದ್ದು ಮಂಗನ ಕಾಯಿಲೆಯನ್ನೇ, ಅಂದರೆ ಉಣುಗು (ರಕ್ತ ಹೀರುವ ಉಣ್ಣೆ) ಕಚ್ಚಿ ಮನುಷ್ಯರಿಗೂ ಹರಡುವ ವೈರಸ್ ಜ್ವರವನ್ನೇ. ಕರೆಂಟ್ ತಗುಲಿಯೂ ಸತ್ತಿರಬಹುದು, ಕಣ್ಣಳತೆಯಲ್ಲಿ ಹೇಳಲಾಗದು. ಲ್ಯಾಬ್ ವರದಿಯೇ ಬರಬೇಕು. ಆದ್ದರಿಂದ ದಯವಿಟ್ಟು ನೀವೇ ಹೂಳಬೇಡಿ, ಮುಟ್ಟಲೂಬೇಡಿ.

ಈಗಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ಫೋನ್ ಮಾಡಿ, ಜಾಗ ಮತ್ತು ನೋಡಿದ ಹೊತ್ತು ತಿಳಿಸಿ. ಕೊಳೆತರೆ ಮಾದರಿ ಕೆಡುತ್ತದೆ, ನಾಳೆಗೆ ಬಿಡಬೇಡಿ. ಅವರು ಮಾದರಿ ತೆಗೆದು, ಹೆಣ ಸುಟ್ಟು, ಸುತ್ತ 50 ಮೀಟರ್ ಮೆಲಾಥಿಯಾನ್ ಎಂಬ ಕೀಟನಾಶಕ ಪುಡಿ ಹಾಕಿಸುತ್ತಾರೆ.

ಅಷ್ಟು ಜಾಗಕ್ಕೆ ಜನ, ದನ, ನಾಯಿ ಹೋಗದಂತೆ ನೋಡಿಕೊಳ್ಳಿ. ಮಂಗನ ಮೈ ತಣ್ಣಗಾದೊಡನೆ ಉಣುಗುಗಳು ಇಳಿದು ದರಗಿನೊಳಗೆ (ಉದುರಿದ ಒಣ ಎಲೆ) ಸೇರುತ್ತವೆ. ಈಗಿರುವವು ಮರಿ ಉಣುಗುಗಳು, ಸಾಸಿವೆ ಕಾಳಿನಷ್ಟು, ಹತ್ತಿದ್ದೇ ಗೊತ್ತಾಗುವುದಿಲ್ಲ. ಕೊಟ್ಟಿಗೆಗೆ ದರಗು ಗುಡಿಸುವುದನ್ನು ಸದ್ಯ ನಿಲ್ಲಿಸಿ. ಪಕ್ಕದ ತೋಟಕ್ಕೆ ಹೋಗಲೇಬೇಕಾದರೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ, ಮೈತುಂಬ ಬಟ್ಟೆ. ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ, ಹಿಸುಕಬೇಡಿ.

ಹತ್ತಿರ ಹೋಗಿ ನೋಡಿದ ನಿಮ್ಮ ತಮ್ಮನ ಮೇಲೆ ಎರಡು ವಾರ ನಿಗಾ ಇರಲಿ. ಕಾಯಿಲೆ ತಗುಲಿದ್ದರೆ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ದಿಢೀರ್ ಏರುತ್ತದೆ, ತಲೆ, ಸೊಂಟ, ಮೀನಖಂಡ ವಿಪರೀತ ನೋಯುತ್ತವೆ. ಹಾಗಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ದು ಮಂಗ ಸತ್ತ ವಿಷಯ ಹೇಳಿ, ವೈರಸ್ ಪತ್ತೆಯ ಆರ್‌ಟಿ-ಪಿಸಿಆರ್ ಪರೀಕ್ಷೆ ಕೇಳಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬೇಡವೇ ಬೇಡ, ರಕ್ತಸ್ರಾವದ ಭಯವಿದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಬಿಟ್ಟ ಜ್ವರ ಒಂದೆರಡು ವಾರದ ಬಳಿಕ ಮರುಕಳಿಸಿದರೆ ಮತ್ತೆ ಆಸ್ಪತ್ರೆಗೇ ಹೋಗಿ.