ರೆ: ರಾತ್ರಿ 1 ಗಂಟೆಗೆ ಅಮ್ಮ ಒಬ್ರೇ, ಆ್ಯಪ್ ಕ್ಯಾಬಾ ಏರ್‌ಪೋರ್ಟ್ ಟ್ಯಾಕ್ಸಿನಾ?
ದೇವನಹಳ್ಳಿಯಿಂದ ಅಷ್ಟೊತ್ತಲ್ಲಿ ಅಂದ್ರೆ ನಾನಾದ್ರೆ ಆ್ಯಪ್ ಕ್ಯಾಬೇ ಮಾಡ್ತೀನಿ, ಡ್ರೈವರ್ ಒಳ್ಳೆಯವ್ನು ಅಂತಲ್ಲ, ಹೆಸರು ಗಾಡಿ ನಂಬರು ಹೋದ ದಾರಿ ಎಲ್ಲಾ ದಾಖಲಾಗುತ್ತೆ, ನೀವು ಮನೇಲಿ ಕೂತೇ ಲೈವ್ ಲೊಕೇಶನ್ ನೋಡ್ತಾ ಇರಬಹುದು. ಸ್ಟ್ಯಾಂಡಲ್ಲಿ ಸಾಲಾಗಿ ನಿಂತಿರೋ ಹಳದಿ ಬೋರ್ಡ್ ಟ್ಯಾಕ್ಸೀನೂ ಪರವಾಗಿಲ್ಲ, ಹತ್ತೋ ಮುಂಚೆ ನಂಬರ್ ಪ್ಲೇಟ್ ಫೋಟೋ ತೆಗೆದು ನಿಮಗೆ ಕಳಿಸ್ಲಿ. ಬಾಗಿಲ ಹತ್ರ "ಬನ್ನಿ ಮೇಡಂ" ಅಂತ ಬ್ಯಾಗ್ ಎಳ್ಕೊಳ್ಳೋರ ಬಿಳಿ ಬೋರ್ಡ್ ಗಾಡಿ ಮಾತ್ರ ಬೇಡ್ವೇ ಬೇಡ. ನಮ್ಮಮ್ಮಂಗೆ ಒಂದ್ಸಲ ಆ್ಯಪಲ್ಲಿ ತೋರ್ಸಿದ್ದು ಒಂದು ನಂಬರ್, ಬಂದಿದ್ದು ಬೇರೆ ಗಾಡಿ, ಕೇಳಿದ್ರೆ "ಅದು ನಮ್ ತಮ್ಮಂದು" ಅಂದ (ತಮ್ಮನ ಗಾಡಿ ಆದ್ರೆ ತಮ್ಮನೇ ಬರ್ಲಿ), ಅಮ್ಮ ಹತ್ತಲೇ ಇಲ್ಲ. ನಂಬರ್ ತಾಳೆ ಆದ್ಮೇಲೇ ಓಟಿಪಿ ಹೇಳೋಕೆ ಹೇಳಿ, ತೊಂದ್ರೆ ಅನ್ಸಿದ್ರೆ 112.