10 ನಿಮಿಷದಲ್ಲಿ ಸರಿಹೋದ ತೊದಲು ಮಾತಿನ ಬಗ್ಗೆ

ತಂದೆಯವರ ಮಾತು ತೊದಲಿ, ಬಲಗೈಯಲ್ಲಿದ್ದ ಕಾಫಿ ಲೋಟ ಜಾರಿಬಿದ್ದು, 10 ನಿಮಿಷದಲ್ಲಿ ಎಲ್ಲವೂ ಸರಿಹೋಗಿದ್ದರಿಂದ ಸೋಮವಾರದವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ, ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಈಗಲೇ ಕರೆದೊಯ್ಯಿರಿ. ಇದು ಮಿದುಳಿನ ರಕ್ತನಾಳ ಸ್ವಲ್ಪ ಹೊತ್ತು ಕಟ್ಟಿಕೊಂಡಿದ್ದರ ಸೂಚನೆಯಾಗಿರಬಹುದು. ಹಾಗಿದ್ದಲ್ಲಿ ಪೂರ್ಣಪ್ರಮಾಣದ ಪಾರ್ಶ್ವವಾಯು ಬಡಿಯುವ ಅಪಾಯ ಮೊದಲ 48 ಗಂಟೆಗಳಲ್ಲೇ ಹೆಚ್ಚು. ನಡುವೆ ಬಾಯಿ ಸೊಟ್ಟಗಾದರೆ, ಕೈ ಸೋತರೆ ಅಥವಾ ಮಾತು ಮತ್ತೆ ತೊದಲಿದರೆ 108ಕ್ಕೆ ಕರೆ ಮಾಡಿ, ಅವರು ಕೊನೆಯದಾಗಿ ಸರಿಯಾಗಿದ್ದ ಸಮಯವನ್ನು ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಆ ಸಮಯದಿಂದ 4.5 ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ ವೈದ್ಯರು ಆ ಸಮಯವನ್ನು ಕೇಳಿಯೇ ಕೇಳುತ್ತಾರೆ. ನೆರೆಯವರು ಸೂಚಿಸಿದ ಆಸ್ಪಿರಿನ್ ಮಾತ್ರೆಯನ್ನು (ಒಳ್ಳೆಯ ಮನಸ್ಸಿನಿಂದಲೇ ಹೇಳಿರುತ್ತಾರೆ) ಸ್ಕ್ಯಾನ್‌ಗೆ ಮೊದಲು ನೀವಾಗಿಯೇ ಕೊಡಬೇಡಿ: ಮಿದುಳಿನಲ್ಲಿ ರಕ್ತಸ್ರಾವವಾದಾಗಲೂ ಇವೇ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ, ಆಗ ಆಸ್ಪಿರಿನ್ ರಕ್ತಸ್ರಾವವನ್ನು ಇನ್ನಷ್ಟು ಹೆಚ್ಚಿಸಬಹುದು.